ಎರಡು ಡಬ್ಬಿ ತಂಪು

ಯೂಮಾದಲ್ಲಿ ಜುಲೈ ಅಂದರೆ
ಕಾರಿನ ಬಾಗಿಲು ಹಿಡಿಯಲೂ ಮಸಿಬಟ್ಟೆ ಬೇಕು.
ಭಾನುವಾರ ಗಿರಾಕಿ ಬರುತ್ತಾನೆ.
ಅಷ್ಟರೊಳಗೆ ಈ ಹದಿನೆಂಟು ವರ್ಷದ ಬ್ಯೂಯಿಕ್
ಒಂದು ಸಲ ತಣ್ಣಗೆ ಉಸಿರಾಡಬೇಕು.
ಒಂದೇ ಸಲ ಸಾಕು,
ಅವನು ಸಹಿ ಹಾಕುವವರೆಗೆ.

ಅಂಗಡಿಯಿಂದ ಎರಡು ಡಬ್ಬಿ ತಂದೆ, ಒಂದು ಕೊಳವೆ,
ಅದರ ತುದಿಗೆ ಗಡಿಯಾರದಂಥ ಮುಖ:
ನೀಲಿ, ಹಸಿರು, ಹಳದಿ, ಕೆಂಪು.
ಬಕೆಟ್ ಬೋರಲು ಹಾಕಿ ನಯೇಲಿಯನ್ನು ನಿಲ್ಲಿಸಿ
"ಮುಳ್ಳು ಹಸಿರು ದಾಟಿದರೆ ಕೂಗು" ಅಂದೆ.
ಒಂಬತ್ತು ವರ್ಷ. ಅಳತೆಯ ವಿಷಯದಲ್ಲಿ
ಅವಳಷ್ಟು ನಿರ್ದಯಿ ನಮ್ಮ ಬೀದಿಯಲ್ಲೇ ಇಲ್ಲ.

ಎಂಜಿನ್ ಚಾಲೂ. ಫ್ಯಾನು ಪೂರ್ತಿ. ನಾಲ್ಕೂ ಬಾಗಿಲು ತೆರೆದು.
ಸಪೂರ ಪೈಪಿನದಲ್ಲ, ದಪ್ಪ ಪೈಪಿನ ಮುಚ್ಚಳ ಬಿಚ್ಚಬೇಕು,
ತಪ್ಪಿದರೆ ಡಬ್ಬಿ ಕೈಯಲ್ಲೇ ಸಿಡಿಯುತ್ತದಂತೆ.
ಕಂಪ್ರೆಸರ್ ಟಕ್ ಅಂತ ಹಿಡಿದು ಟಕ್ ಅಂತ ಬಿಡುತ್ತಿತ್ತು,
ಮಾತು ಶುರು ಮಾಡಿ ನುಂಗಿಕೊಳ್ಳುವವರ ಹಾಗೆ.
ಡಬ್ಬಿ ಅಲ್ಲಾಡಿಸಿದೆ. ಗುಂಡಿ ತಿರುಗಿಸಿದೆ.
ಆ ಬಿಸಿಲಲ್ಲಿ ನಿಂತು
ಚಳಿಗೆ ಬೆರಳು ಮರಗಟ್ಟಿದವು.

ಆಚೆಮನೆಯ ವೆಂಡೆಲ್ ಬೇಲಿಗೆ ಒರಗಿ ನೋಡುತ್ತಿದ್ದ.
ಮೂವತ್ತೊಂದು ವರ್ಷ ಲೆಟ್ಯೂಸ್ ತಣಿಸುವ ಶೆಡ್ಡಿನಲ್ಲಿ ದುಡಿದವನು,
ಎಡಗೈಯ ಎರಡು ಉಗುರು ಅಮೋನಿಯಾಕ್ಕೆ ಕೊಟ್ಟವನು.
"ಇದು ಪೆಟ್ರೋಲಲ್ಲ," ಅಂದ.
"ಉರಿಯುವುದಿಲ್ಲ, ಸವೆಯುವುದಿಲ್ಲ, ಸುಮ್ಮನೆ ಸುತ್ತುತ್ತದೆ.
ಕಡಿಮೆಯಾಗಿದೆ ಅಂದರೆ ಎಲ್ಲೋ ಹೋಗಿದೆ."
ಹೋದ ವರ್ಷವೂ ಎರಡು ಡಬ್ಬಿ ಕುಡಿದಿತ್ತೆಂದು
ನಾನು ಹೇಳಲಿಲ್ಲ.
ನಯೇಲಿ ಹೇಳಿದಳು.

ಒಂದೂವರೆ ಡಬ್ಬಿಗೆ ಮುಳ್ಳು ಹಸಿರಿಗೆ ಬಂತು.
ಕೋಳಿ ಬೆಂದಿತೇ ಅಂತ ಚುಚ್ಚಿ ನೋಡುವ ಥರ್ಮಾಮೀಟರನ್ನು
ಗಾಳಿಕಿಂಡಿಗೆ ಸಿಕ್ಕಿಸಿದೆವು.
ಎಂಬತ್ತೊಂಬತ್ತು. ಎಪ್ಪತ್ತು. ಐವತ್ತೆರಡು. ನಲವತ್ತಾರು!
ಇಬ್ಬರೂ ಒಳಗೆ ಕೂತು ಬಾಗಿಲು ಹಾಕಿಕೊಂಡು
ಎಲ್ಲಿಗೂ ಹೋಗಲಿಲ್ಲ.
ನಿಂತಲ್ಲೇ, ಅರ್ಧ ಗಂಟೆ,
ಖಾರ ಹಚ್ಚಿದ ಮಾವಿನ ಹೋಳು ತಿನ್ನುತ್ತ,
ಪರದೇಶದ ರಾಣಿಯರ ಹಾಗೆ.

ರಾತ್ರಿ ವೆಂಡೆಲ್ ನೇರಳೆ ಬೆಳಕಿನ ಟಾರ್ಚು ತಂದ.
ಡಬ್ಬಿಯಲ್ಲಿ ಬಣ್ಣವೂ ಇರುತ್ತದೆ, ಸೋರಿದಲ್ಲಿ ಹೊಳೆಯುತ್ತದೆ ಅಂದ.
ಬೇಡ ಅನ್ನಬಹುದಿತ್ತು.
ಎಲ್ಲಿ ಅಂತ ಗೊತ್ತಿಲ್ಲದಿದ್ದರೆ
ಅದು ಸುಳ್ಳಾಗುವುದಿಲ್ಲ ಅಂದುಕೊಂಡಿದ್ದೆ.
ನಯೇಲಿ ಟಾರ್ಚು ಒತ್ತಿದಳು. ಮೊದಲು ಸಿಕ್ಕಿದ್ದು ಚೇಳು.
ಗೋಡೆಯ ಬುಡದಲ್ಲಿ, ಹಗಲಿಗೆ ಮಣ್ಣಿನ ಬಣ್ಣದ್ದು,
ಈಗ ಕೊಂಡಿಯ ತುದಿಯವರೆಗೂ ಹಸಿರು ದೀಪ.
ಆಮೇಲೆ ಬಾನೆಟ್ಟಿನೊಳಗೆ, ಪೈಪಿನ ಮೊಣಕೈಯಲ್ಲಿ,
ಅದೇ ಹಸಿರು.
ಸಾಸಿವೆಯಷ್ಟು.

ಇಸಿದ್ರೊ ಬಂದ, ಹೆಂಡತಿಯನ್ನೂ ಕರೆತಂದ.
ಎಂಟು ತಿಂಗಳ ಬಸುರಿ, ಹಿಂದಿನ ಸೀಟಿನಲ್ಲಿ ಕೂತು
ಬೀಸುವ ತಂಪಿಗೆ ಕಣ್ಣು ಮುಚ್ಚಿ
ಚಪ್ಪಲಿ ಕಳಚಿದಳು.
ಅವನು ಟೈರು ಒದ್ದ, ಎಣ್ಣೆಕಡ್ಡಿ ಎಳೆದು ಮೂಸಿದ.
"ಎ.ಸಿ. ಚೆನ್ನಾಗಿದೆ" ಅಂದ. ಅದು ಪ್ರಶ್ನೆಯೂ ಅಲ್ಲ.
ಟಾರ್ಚನ್ನು ಬೆನ್ನ ಹಿಂದೆ ಹಿಡಿದು ನಯೇಲಿ
ನನ್ನ ಮುಖ ನೋಡುತ್ತಿದ್ದಳು,
ಮೊನ್ನೆ ಮುಳ್ಳು ನೋಡಿದ ಹಾಗೆಯೇ,
ರೆಪ್ಪೆ ಬಡಿಯದೆ.

"ದಪ್ಪ ಟವೆಲು ತಾ" ಅಂದೆ.
ಉರಿಬಿಸಿಲಲ್ಲಿ ಒಂದು ಟವೆಲಿನ ಕೆಳಗೆ
ಮೂರು ತಲೆ, ಒಂದು ಬೆಳಕು, ಬೆವರಿನ ವಾಸನೆ.
"ನೋಡಿ, ಚೇಳಿನ ಹಾಗೇ!" ಅವಳ ಸಂಭ್ರಮ.
ಮುನ್ನೂರು ಡಾಲರ್ ಅಲ್ಲೇ ಇಳಿಯಿತು.
ಉಳಿದ ಅರ್ಧ ಡಬ್ಬಿಯನ್ನೂ, ಕೊಳವೆಯನ್ನೂ
ನಾನೇ ಅವನ ಕೈಗೆ ಹಾಕಿದೆ.
ಕಿಟಕಿ ಏರಿಸಿಕೊಂಡು ಹೋದರು.

ಈಗ ಬಸ್ಸಿಗೆ ಕಾಯುತ್ತೇನೆ, ಕಂಬದ ನೆರಳಿನಷ್ಟೇ ಅಗಲವಾಗಿ ನಿಂತು.
ಟಾರ್ಚು ಇನ್ನೂ ವಾಪಸು ಹೋಗಿಲ್ಲ.
ದೀಪ ಆರಿಸಿದ ಮೇಲೆ ಅವಳು ಮನೆಯೆಲ್ಲ ಹುಡುಕುತ್ತಾಳೆ,
ಬೂಟಿನೊಳಗೆ, ಸಿಂಕಿನಡಿ, ಮಂಚದ ಕಾಲು.
ಆ ಬೆಳಕು ನನ್ನ ಕಡೆ ತಿರುಗಿದರೆ
ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತೇನೆ.
ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ
ಚೂರು ಹಸಿರು ಉಳಿದಿದೆ.